ಆರನೆಯ ಫೈರ್‌ವಾಲಿನ ಪ್ರತಿ

ನಾಳೆ ಹರತಾಳ ಎಂದು ಸಂಜೆಯ ಟಿವಿ ಸುದ್ದಿಯಲ್ಲಿ ಬಂದರೆ ತಿರುವನಂತಪುರದ ಜನ ಹಾಲು, ತರಕಾರಿ, ಕೋಳಿಮಾಂಸ ಕೊಳ್ಳಲು ಹೊರಡುತ್ತಿದ್ದರು. ನಾವು ಬಾಕಿ ಉಳಿದ ಕೆಲಸಗಳ ಪಟ್ಟಿ ತೆಗೆಯುತ್ತಿದ್ದೆವು. ಸರಕು ಸಾಗಣೆ ಕಂಪನಿಯೊಂದರ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಅಷ್ಟು ಅನುಕೂಲದ ದಿನ ಬೇರೆ ಇರಲಿಲ್ಲ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಯಾವ ಶಾಖೆಯಲ್ಲೂ ಜನ ಇರುವುದಿಲ್ಲ, ಏನನ್ನು ನಿಲ್ಲಿಸಿದರೂ ಫೋನ್ ಬರುವುದಿಲ್ಲ. ದೊಡ್ಡ ಬದಲಾವಣೆಗಳನ್ನು ಹರತಾಳಕ್ಕೆಂದು ಎತ್ತಿಡುವ ಪದ್ಧತಿ ನಾನು ಆ ಕೆಲಸಕ್ಕೆ ಸೇರುವ ಮೊದಲೇ ಬೆಳೆದಿತ್ತು.

ಇಸವಿ ಎರಡು ಸಾವಿರದ ಆರೋ ಏಳೋ ಇರಬೇಕು. ಪಟ್ಟಂನಲ್ಲಿದ್ದ ನಮ್ಮ ಕಚೇರಿಯ ಗೋಡೆಗಳು ಹಸಿರಾಗಿದ್ದವು ಎಂದು ನನ್ನ ನೆನಪು. ಆಗ ಜೊತೆಗಿದ್ದವರು ಬಿಳಿ ಎನ್ನುತ್ತಾರೆ. ಈ ಬರಹವನ್ನೂ ಅಷ್ಟೇ ಅನುಮಾನ ಇಟ್ಟುಕೊಂಡು ಓದುವುದು ಒಳ್ಳೆಯದು.

ಕೆಲಸ ಬಂದದ್ದು ಆಡಿಟ್‌ನವರ ಪತ್ರದಿಂದ. ಕಂಪನಿಗೆ ಆರು ಶಾಖೆಗಳು, ಆರು ಫೈರ್‌ವಾಲ್‌ಗಳು. ಶಾಖೆಯ ಒಳಗಿನ ಗಣಕಗಳಿಗೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ಕೂತು, ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವ ಪೆಟ್ಟಿಗೆ ಅದು. ಅದರ ಸೆಟ್ಟಿಂಗ್ ಬದಲಿಸಲು ನಾವು ಪಟ್ಟಂನಿಂದಲೇ ಎಸ್‌ಎಸ್‌ಎಚ್ ಎಂಬ ವಿಧಾನದಲ್ಲಿ ಲಾಗಿನ್ ಆಗುತ್ತಿದ್ದೆವು. ಬಳಸುತ್ತಿದ್ದದ್ದು ಆ ವಿಧಾನದ ಮೊದಲ ಆವೃತ್ತಿ, ಅದರೊಳಗೆ ಐವತ್ತಾರು ಬಿಟ್ಟಿನ ಹಳೆಯ ಗೂಢಲಿಪಿ. ಎರಡನ್ನೂ ಒಡೆಯಬಹುದೆಂದು ಜಗತ್ತಿಗೆ ತಿಳಿದು ವರ್ಷಗಳಾಗಿದ್ದವು. ಇನ್ನು ಮೇಲೆ ಎರಡನೆಯ ಆವೃತ್ತಿ ಮತ್ತು ಬಲವಾದ ಗೂಢಲಿಪಿ ಮಾತ್ರ ಇರಬೇಕು, ಶಾಖೆಯ ಗಣಕಗಳಲ್ಲಿರುವ ಗುಪ್ತಪದ ಕೇಳದ ಫೈಲ್ ವರ್ಗಾವಣೆ ಪ್ರೋಗ್ರಾಮನ್ನು ಅಳಿಸಬೇಕು ಎಂದು ಪತ್ರ ಹೇಳಿತ್ತು. ಅದನ್ನು ಶಾಖೆಗಳಿಗೆ ಕಳಿಸಿದ ಆದೇಶದ ಕೆಳಗೆ ನನ್ನ ಸಹಿ ಇತ್ತು.

ಐದು ಪೆಟ್ಟಿಗೆಗಳು ತಕರಾರಿಲ್ಲದೆ ಮುಗಿದವು. ಆರನೆಯದು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿತ್ತು, ಬಂದರಿನ ಗೇಟಿಗೆ ಹತ್ತಿರದ ಶಾಖೆಯಲ್ಲಿ. ಅಲ್ಲಿ ನಮ್ಮ ಕೈಯಾಗಿದ್ದವರು ಒಬ್ಬ ತಂತ್ರಜ್ಞೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಹನ್ನೊಂದು ಹನ್ನೊಂದು ತಿಂಗಳ ಕಾಂಟ್ರಾಕ್ಟಿನಲ್ಲಿ ಮೂರನೇ ಸುತ್ತು ಮುಗಿಸುತ್ತಿದ್ದವರು. ನಾಲ್ಕನೇ ಸುತ್ತಿಗೆ ನಿಯಮದಲ್ಲಿ ಅವಕಾಶವಿರಲಿಲ್ಲ. ಆ ತಿಂಗಳ ಕೊನೆಗೆ ಅವರು ಕಾಯಂ ಆಗಬೇಕು, ಇಲ್ಲವೇ ಹೊರಗೆ ಹೋಗಬೇಕು.

ಆ ಹರತಾಳದ ಬೆಳಿಗ್ಗೆ ಎಂಟೂವರೆಗೆ ಅವರ ಫೋನ್ ಬಂತು. ನನ್ನ ಮಲಯಾಳ ಅಂಗಡಿಯ ಮಟ್ಟದ್ದು. ಅವರು ಆಡಿದ್ದರಲ್ಲಿ ನನಗೆ ಅರ್ಥವಾದಷ್ಟನ್ನೇ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ತೇವರದಿಂದ ನಡೆದೇ ಬಂದೆ ಸಾರೇ. ಸೇತುವೆ ಮೇಲೆ ನಾನೂ ಒಂದು ನಾಯಿಯೂ ಬಿಟ್ಟರೆ ಯಾರೂ ಇಲ್ಲ."

ಪಕ್ಕದ ಮೇಜಿನಲ್ಲಿದ್ದ ಸಹೋದ್ಯೋಗಿ ಫೋನಿನ ಕಡೆ ಬಾಗಿದ. ಕಾಸರಗೋಡಿನವನು, ಎರಡೂ ಭಾಷೆಯಲ್ಲಿ ನಿರಾಯಾಸವಾಗಿ ಓಡಾಡುವವನು. "ನಾಯಿ ಯಾವ ಪಕ್ಷದ್ದು ಚೇಚಿ?" ಚೇಚಿ ಎಂದರೆ ಅಕ್ಕ.

"ನನ್ನನ್ನು ತಡೆಯಲಿಲ್ಲ. ಹಾಗಾದರೆ ನಮ್ಮ ಪಕ್ಷದ್ದೇ."

ನಕ್ಕಾದ ಮೇಲೆ ಅವರ ದನಿ ಸ್ವಲ್ಪ ಇಳಿಯಿತು. "ಇವತ್ತಿನದು ಕ್ಲೀನಾಗಿ ಮುಗಿದರೆ ನನ್ನ ಫೈಲಿಗೆ ಸಹಿ ಹಾಕುತ್ತೇನೆ ಅಂತ ಮ್ಯಾನೇಜರ್ ಸಾರ್ ಹೇಳಿದ್ದಾರೆ. ಸಾರ್ ಒಂದು ಸ್ವಲ್ಪ ನೋಡಿ ಮಾಡಬೇಕು."

"ಕುಳಪ್ಪಂ ಇಲ್ಲ" ಅಂದೆ. ತೊಂದರೆಯಿಲ್ಲ ಎನ್ನಲು ಅಲ್ಲಿ ದಿನಕ್ಕೆ ನಲವತ್ತು ಸಲ ಬಳಸುವ ಮಾತು.

ಕೆಲಸದ ಕ್ರಮ ಐದು ಸಲ ಮಾಡಿ ಪಾಠವಾಗಿತ್ತು. ಮೊದಲು ಪೆಟ್ಟಿಗೆಯ ಎಲ್ಲ ಸೆಟ್ಟಿಂಗ್‌ಗಳ ಒಂದು ಪ್ರತಿಯನ್ನು ಗಣಕದಲ್ಲಿ ಉಳಿಸಬೇಕು. ಆಮೇಲೆ ಹೊಸ ಕೀಲಿ ಸೃಷ್ಟಿಸಿ ಎರಡನೆಯ ಆವೃತ್ತಿಗೆ ಬದಲಿಸಬೇಕು. ಪರದೆಯಲ್ಲಿ ಆಗಲೇ ಲಾಗಿನ್ ಆಗಿರುವ ಕಿಟಕಿಯನ್ನು ಮುಚ್ಚದೆ, ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ನೋಡಬೇಕು. ಅದು ಸರಿಯಾದರೆ ಮಾತ್ರ ಬದಲಾವಣೆಯನ್ನು ಪೆಟ್ಟಿಗೆಯ ಶಾಶ್ವತ ನೆನಪಿಗೆ ಬರೆಯಬೇಕು. ಅಲ್ಲಿಯವರೆಗೆ ಏನೇ ತಪ್ಪಾದರೂ, ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹಚ್ಚಿದರೆ ಹಳೆಯ ಸ್ಥಿತಿ ಮರಳುತ್ತದೆ.

ಪ್ರತಿಯ ಕೆಲಸವನ್ನು ಉಳಿದ ಐದು ಕಡೆ ಶಾಖೆಯವರೇ ಮಾಡಿದ್ದರು. ಇಲ್ಲೂ ಹಾಗೇ ಎಂದುಕೊಂಡು ನಾನು ಕಾಯುತ್ತಿದ್ದೆ. ಸಹೋದ್ಯೋಗಿ ಮನೆಯಿಂದ ತಂದ ಪುಟ್ಟು ಬಿಸಿಮಾಡಲು ಒಳಗೆ ಹೋಗಿದ್ದ. ಫೋನಿನಲ್ಲಿ ಗೊರಗೊರ ಸದ್ದು. ಅದರ ನಡುವೆ ಅವರ ದನಿ ಬಂತು: "ಸಾರೇ, ಸೇವ್ ಚೆಯ್ದು."

ಸೇವ್ ಮಾಡಿದ್ದಾಯಿತು ಎಂದು ಅರ್ಥಮಾಡಿಕೊಂಡು "ಶೆರಿ, ಶೆರಿ" ಅಂದೆ. ಬದಲಾವಣೆಯ ನಮೂನೆಯಲ್ಲಿ 'ಪ್ರತಿ' ಎಂಬುದರ ಎದುರು ಗುರುತು ಹಾಕಿದೆ.

ಹೊಸ ಕೀಲಿ ಆಯಿತು. ಆವೃತ್ತಿ ಬದಲಿಸಿದೆ. ಎರಡನೇ ಕಿಟಕಿ ತೆರೆದು ಲಾಗಿನ್ ಆಗಲು ಹೋದರೆ, ಎರಡೂ ಕಡೆಗೆ ಒಪ್ಪಿತವಾದ ಗೂಢಲಿಪಿ ಇಲ್ಲ ಎಂಬ ಒಂದು ಸಾಲು ಕಾಣಿಸಿ ಸಂಪರ್ಕ ಕಡಿಯಿತು. ಮತ್ತೆ ಪ್ರಯತ್ನಿಸಿದೆ. ಅದೇ ಸಾಲು.

ಕಾರಣ ಹೊಳೆಯಲು ಹತ್ತು ನಿಮಿಷ ಬೇಕಾಯಿತು. ಬಲವಾದ ಗೂಢಲಿಪಿಗೆ ತಯಾರಕರಿಂದ ಪ್ರತಿ ಪೆಟ್ಟಿಗೆಗೂ ಬೇರೆ ಪರವಾನಗಿ ಬೇಕು. ದ್ವೀಪದ ಪೆಟ್ಟಿಗೆಯಲ್ಲಿ ಅದು ಇದೆ ಎಂದು ಹಿಂದಿನ ತಿಂಗಳು ನಾನೇ ನೋಡಿದ್ದೆ. ನೋಡಿದ್ದು ಬೇರೆ ಶಾಖೆಯದನ್ನು. ಈ ಪೆಟ್ಟಿಗೆ ಹೊಸ ಆವೃತ್ತಿಯಲ್ಲಿ ಮಾತಾಡುತ್ತಿತ್ತು, ಆದರೆ ಅದರ ಬಳಿ ಕೊಡಲು ಇದ್ದದ್ದು ಐವತ್ತಾರು ಬಿಟ್ಟಿನ ಹಳೆಯದು ಮಾತ್ರ. ನನ್ನ ಹೊಸ ಲಾಗಿನ್ ಪ್ರೋಗ್ರಾಮ್ ಆ ಹಳೆಯದನ್ನು ಮುಟ್ಟುವುದಿಲ್ಲ. ಹಳೆಯದನ್ನು ಮುಟ್ಟುವ ಹಿಂದಿನ ಪ್ರೋಗ್ರಾಮಿಗೆ ಹೊಸ ಆವೃತ್ತಿಯ ಮಾತೇ ಬರುವುದಿಲ್ಲ.

ಸರಿ, ಮೊದಲ ಕಿಟಕಿ ತೆರೆದೇ ಇದೆಯಲ್ಲ, ಅಲ್ಲಿಂದ ಹಿಂದಕ್ಕೆ ಬದಲಿಸೋಣ ಎಂದು ಅತ್ತ ತಿರುಗಿದೆ. ಐದು ನಿಮಿಷ ಏನೂ ಒತ್ತದಿದ್ದರೆ ಹೊರಗೆ ಹಾಕುವುದು ಆ ಪೆಟ್ಟಿಗೆಯ ನಿಯಮ. ಹಾಕಿತ್ತು.

"ಎಂತ ಆಯ್ತು?" ಪುಟ್ಟಿನ ತಟ್ಟೆ ಹಿಡಿದು ಬಂದ ಸಹೋದ್ಯೋಗಿ ಕೇಳಿದ.

"ಹೊರಗ ಬಿದ್ದೇನ್ರೀ. ಆದ್ರ ಶಾಶ್ವತ ನೆನಪಿಗೆ ಬರದಿಲ್ಲ. ಆರಿಸಿ ಹಚ್ಚಿದ್ರ ಮುಗೀತು."

"ಬರೆದಿಲ್ಲ ಅಂತ ಗ್ಯಾರಂಟಿ ಉಂಟಾ?"

"ನೂರಕ್ಕ ನೂರು."

ತಂತ್ರಜ್ಞೆ ಪೆಟ್ಟಿಗೆಯ ವೈರು ಕಿತ್ತು, ಮೂವತ್ತು ಎಣಿಸಿ, ಮತ್ತೆ ಚುಚ್ಚಿದರು. ಪೆಟ್ಟಿಗೆ ಎದ್ದಿತು. ನಾನು ಹಳೆಯ ಪ್ರೋಗ್ರಾಮಿನಿಂದ ಪ್ರಯತ್ನಿಸಿದೆ. ನಿರಾಕರಣೆ. ಹೊಸದರಿಂದ ಪ್ರಯತ್ನಿಸಿದೆ. ಒಪ್ಪಿತವಾದ ಗೂಢಲಿಪಿ ಇಲ್ಲ.

ಅಂದರೆ ಬರೆದಿದ್ದೆ. ಐದು ಪೆಟ್ಟಿಗೆಗಳಲ್ಲಿ ರೂಢಿಯಾದ ಬೆರಳು, ಆವೃತ್ತಿ ಬದಲಿಸಿದ ಕೂಡಲೇ ಮುಂದಿನ ಆಜ್ಞೆಯನ್ನೂ ತಾನೇ ಒತ್ತಿತ್ತು. ಒತ್ತಿದ ನೆನಪು ಮಾತ್ರ ನನ್ನಲ್ಲಿ ಎಳ್ಳಷ್ಟೂ ಇರಲಿಲ್ಲ. ಇವತ್ತಿಗೂ ಇಲ್ಲ. ಆ ಕ್ಷಣವನ್ನು ಎಷ್ಟು ಸಲ ಮರಳಿ ನೋಡಿದರೂ ನನ್ನ ಕೈ ಕೀಲಿಮಣೆಯ ಮೇಲೆ ಸುಮ್ಮನೆ ಇರುವುದೇ ಕಾಣುತ್ತದೆ.

ಆಗ ಗಂಟೆ ಹನ್ನೊಂದಾಗಿರಬಹುದು. ಉಳಿದ ದಾರಿ ಎರಡು. ಪೆಟ್ಟಿಗೆಗೆ ನೇರವಾಗಿ ಚುಚ್ಚುವ ನೀಲಿ ಕನ್ಸೋಲ್ ಕೇಬಲ್ ಒಂದಿತ್ತು. ಅದರಿಂದ ಒಳಹೊಕ್ಕರೆ ಏನೂ ಕೆಡದೆ ಸರಿಪಡಿಸಬಹುದಿತ್ತು. ಅದು ಕೊಚ್ಚಿಯ ಮ್ಯಾನೇಜರರ ಕಪಾಟಿನಲ್ಲಿ, ಕಪಾಟಿನ ಕೀಲಿ ಅವರ ಮನೆಯಲ್ಲಿ. ಇನ್ನೊಂದು ದಾರಿ, ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹಿಡಿಯುವುದು. ಹಾಗೆ ಮಾಡಿದರೆ ಒಳಗಿನ ಸೆಟ್ಟಿಂಗ್‌ಗಳೆಲ್ಲ ಅಳಿದು ಅದು ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಹೋಗುತ್ತದೆ. ಆಮೇಲೆ ಉಳಿಸಿದ ಪ್ರತಿಯನ್ನು ತುಂಬಿದರಾಯಿತು.

"ಆರು ಗಂಟೆಗೆ ಹರತಾಳ ತೀರುತ್ತದೆ ಸಾರ್" ಎಂದರು ಆಕೆ. "ಮ್ಯಾನೇಜರ್ ಸಾರ್ ಬಂದು ಕಪಾಟು ತೆಗೆದರೆ ಕೇಬಲ್ ಸಿಗುತ್ತದೆ. ನಾನು ಇಲ್ಲೇ ಇರುತ್ತೇನೆ. ಕಾಯೋಣವೇ?"

"ಕಾಯುವ ಮಾರಾಯ್ರೇ" ಎಂದ ಸಹೋದ್ಯೋಗಿಯೂ. "ಈಗ ಯಾರ ಕೆಲಸವೂ ನಿಂತಿಲ್ಲ. ಲಾಗಿನ್ ಆಗಲಿಕ್ಕೆ ಆಗುದಿಲ್ಲ, ಅಷ್ಟೇ ಅಲ್ವಾ?"

ಅಷ್ಟೇ ಆಗಿತ್ತು. ಪೆಟ್ಟಿಗೆ ತನ್ನ ಕೆಲಸ ಮಾಡುತ್ತಲೇ ಇತ್ತು. ಏಳು ಗಂಟೆ ಸುಮ್ಮನೆ ಕೂರುವುದಷ್ಟೇ ನನ್ನ ಮುಂದಿದ್ದ ಕೆಲಸ, ಅದು ನನ್ನಿಂದ ಆಗುವಂಥದ್ದಲ್ಲ. ಎದ್ದೆ, ಕಿಟಕಿಗೆ ಹೋದೆ. ಪಟ್ಟಂ ಜಂಕ್ಷನ್ನಿನಲ್ಲಿ ಒಂದು ಆಂಬುಲೆನ್ಸ್ ಸದ್ದಿಲ್ಲದೆ ಹಾದುಹೋಯಿತು. ವಾಪಸ್ ಬಂದು ಕೂತೆ, ಮತ್ತೆ ಎದ್ದೆ. ಆರೂ ಮುಗಿದವು ಎಂದು ಆ ಸಂಜೆ ಮುಖ್ಯ ಕಚೇರಿಗೆ ವರದಿ ಕಳಿಸುವುದಾಗಿ ಹೇಳಿದ್ದೆ. ಮ್ಯಾನೇಜರ್ ಬಂದು ಕಪಾಟು ತೆಗೆದರೆ ನಾನು ಹೊರಗೆ ಬಿದ್ದದ್ದು ಅವರಿಗೂ ತಿಳಿಯುತ್ತದೆ.

"ಕಾಪಿ ಐತಲ್ರೀ" ಅಂದೆ ಸಹೋದ್ಯೋಗಿಗೆ. "ಇಪ್ಪತ್ತು ನಿಮಿಷದ ಕೆಲಸ." ಫೋನಿಗೆ ಅದನ್ನೇ ಮಲಯಾಳದಲ್ಲಿ ಹೇಳಿದೆ: "ಕಾಪಿ ಉಂಡಲ್ಲೋ."

"ಆಂ, ಉಂಡಲ್ಲೋ" ಎಂದರು ಆಕೆಯೂ, ಧೈರ್ಯ ಬಂದವರಂತೆ.

ಸೀರೆಯ ಸೆರಗಿನ ಪಿನ್ನು ಬಿಚ್ಚಿ, ನೆಟ್ಟಗೆ ಮಾಡಿ, ತೂತಿಗೆ ಚುಚ್ಚಿ ಹಿಡಿದರು. ದೀಪ ಹಳದಿಯಾಯಿತು, ಮಿಣುಕಿತು, ಕೆಂಪಾಯಿತು, ಹಸಿರಾಯಿತು ಎಂದು ಒಂದೊಂದನ್ನೂ ಫೋನಿನಲ್ಲಿ ಹೇಳುತ್ತಿದ್ದರು. ಕೊನೆಗೆ, "ಇನ್ನು ಕಳಿಸಿ ಸಾರ್."

"ಏನನ್ನು?"

"ಕಾಪಿ."

ಪ್ರತಿ ನನ್ನ ಬಳಿ ಇದೆ ಎಂದು ಆಕೆ, ಆಕೆಯ ಬಳಿ ಇದೆ ಎಂದು ನಾನು ತಿಳಿದಿದ್ದೆವು; ಇಬ್ಬರ ಬಳಿಯೂ ಇರಲಿಲ್ಲ. 

ಸಂಜೆ ಕಳಿಸಿದ ವರದಿಯಲ್ಲಿ ನಾನು ಹೀಗೆ ಬರೆದೆ: 'ಸೆಟ್ಟಿಂಗ್‌ಗಳ ಪ್ರತಿಯನ್ನು ಉಳಿಸಿರುವುದಾಗಿ ಕೊಚ್ಚಿ ಶಾಖೆಯಿಂದ ತಿಳಿಸಲಾಯಿತು.' ಸುಳ್ಳು ಬರೆಯುತ್ತಿದ್ದೇನೆ ಎಂದು ಆಗ ಅನ್ನಿಸಿರಲಿಲ್ಲ. ಕಿವಿಯಲ್ಲಿ ಆ ಮಾತು ಇನ್ನೂ ಇತ್ತು.

ಮೂರು ದಿನ ಆ ಪೆಟ್ಟಿಗೆಯನ್ನು ನೆನಪಿನಿಂದ ಕಟ್ಟಿದೆವು. ನಾನು ಫೋನಿನಲ್ಲಿ ಒಂದೊಂದೇ ನಿಯಮ ಹೇಳುವುದು, ಆಕೆ ಅಲ್ಲಿ ಕೂತು ತುಂಬುವುದು. ಯಾವ ಗಣಕಕ್ಕೆ ಯಾವ ಬಾಗಿಲು ತೆರೆದಿತ್ತು, ಯಾವುದು ಮುಚ್ಚಿತ್ತು ಎಂದು ನನ್ನ ತಲೆಯೊಳಗಿದ್ದ ಪಟ್ಟಿಯಲ್ಲಿ ನೂರಾರು ಸಾಲುಗಳಿದ್ದವು. ಪ್ರತಿ ಸಾಲೂ ಖಂಡಿತ ಎನ್ನಿಸುತ್ತಿತ್ತು. ಅವುಗಳಲ್ಲಿ ಕಸ್ಟಮ್ಸ್‌ಗೆ ಕಾಗದಪತ್ರ ಸಲ್ಲಿಸುವ ಗಣಕದ ಸಾಲು ಇರಲಿಲ್ಲ. ಅದು ಗೊತ್ತಾಗುವಷ್ಟರಲ್ಲಿ ಸಿಗಡಿ ತುಂಬಿದ ಎರಡು ಕಂಟೇನರ್‌ಗಳಿಗೆ ಹಡಗು ತಪ್ಪಿತ್ತು. ಪೆಟ್ಟಿಗೆ ಎಲ್ಲರ ಬಾಯಿಗೆ ಬಂದದ್ದು ಆಗ.

ಎರಡನೇ ದಿನವೋ ಮೂರನೇ ದಿನವೋ, ಬೇರೇನನ್ನೋ ಹುಡುಕುತ್ತ ನನ್ನ ಲಾಗಿನ್ ಪ್ರೋಗ್ರಾಮಿನ ಸೆಟ್ಟಿಂಗ್ ಪುಟ ತೆರೆದಿದ್ದೆ. ಗೂಢಲಿಪಿಗಳ ಪಟ್ಟಿಯ ಕೆಳಗೆ ಒಂದು ಚಿಕ್ಕ ಚೌಕ. ಎರಡನೆಯ ಆವೃತ್ತಿಯಲ್ಲೂ ಐವತ್ತಾರು ಬಿಟ್ಟಿನ ಹಳೆಯದನ್ನು ಒಪ್ಪಬೇಕಿದ್ದರೆ ಇಲ್ಲಿ ಗುರುತು ಹಾಕಿ ಎಂದಿತ್ತು. ಒಂದು ಕ್ಲಿಕ್. ಹರತಾಳದ ದಿನ ಆ ಗುರುತು ಹಾಕಿದ್ದರೆ ಬಹುಶಃ ನಾನು ಒಳಗೆ ಹೋಗುತ್ತಿದ್ದೆ. ಆ ಚೌಕವನ್ನು ಮೊದಲು ಎಂದಾದರೂ ನೋಡಿದ್ದೆನೇ? ನೋಡಿದ್ದೆ ಅನ್ನಿಸುತ್ತದೆ. ನೋಡಿದ್ದೆ ಎಂದು ಅನ್ನಿಸಲು ಶುರುವಾದದ್ದು ಅದನ್ನು ಕಂಡ ಮೇಲೆಯೇ ಇರಬಹುದು.

ಕೊಚ್ಚಿಯಲ್ಲಿ ವಿಚಾರಣೆ ಇದೆ ಎಂದು ಕರೆ ಬಂದ ದಿನ ಸಹೋದ್ಯೋಗಿಗೆ ನನ್ನ ವಾದ ಒಪ್ಪಿಸುತ್ತಿದ್ದೆ. "ಸ್ಪಷ್ಟ ಹೇಳ್ಯಾರ್ರೀ. ಸೇವ್ ಚೆಯ್ದು ಅಂದ್ರು. ನಾ ಸೇವ್ ಮಾಡೇನಿ ಅಂತಲ್ಲೇನು?"

ಅವನು ನನ್ನನ್ನೇ ನೋಡಿದ. "ಚೆಯ್ದು ಅಂದದ್ದಾ, ಚೆಯ್ದೋ ಅಂದದ್ದಾ?"

"ಏನ್ ವ್ಯತ್ಯಾಸ?"

"ಅಯ್ಯೋ ದೇವರೇ. ಇಷ್ಟು ವರ್ಷದಿಂದ ಇಲ್ಲಿ ಎಂತ ಮಾಡ್ತಿದ್ರಿ ನೀವು? ಚೆಯ್ದು ಅಂದ್ರೆ ಮಾಡಿ ಆಯ್ತು. ಚೆಯ್ದೋ ಅಂದ್ರೆ ಮಾಡಿದ್ರಾ ಅಂತ ಪ್ರಶ್ನೆ. ಮತ್ತೆ ಮಾಡಿದ್ದು ಯಾರು ಅಂತ ಆ ಮಾತಿನಲ್ಲಿ ಇರುದೇ ಇಲ್ಲ. ನಮ್ಮಲ್ಲಿ ಮಾಡಿದೆ, ಮಾಡಿದ್ರಿ, ಮಾಡಿದ್ಳು ಅಂತ ಬಾಲ ನೋಡಿದ್ರೆ ಗೊತ್ತಾಗ್ತದೆ. ಮಲಯಾಳದಲ್ಲಿ ಬಾಲ ಇಲ್ಲ ಮಾರಾಯ್ರೇ. ಅವರು ಕೇಳಿದ್ದು ನಿಮ್ಮನ್ನು. ನೀವು ಶೆರಿ ಅಂದ್ರಿ. ಅವರು ಆಯ್ತು ಅಂತ ತಿಳ್ಕೊಂಡ್ರು."

ಗೊರಗೊರದ ನಡುವಿನ ಆ ಒಂದು ಸ್ವರವನ್ನು ಮತ್ತೆ ಕೇಳಿಸಿಕೊಳ್ಳಲು ಯತ್ನಿಸಿದೆ. ಅವನು ಹೇಳುವ ಮೊದಲು ಅದು ಉಕಾರವಾಗಿತ್ತು. ಹೇಳಿದ ಮೇಲೆ ಓಕಾರವಾಗಿ ಕೇಳತೊಡಗಿತು. ನನ್ನ ಕಿವಿ ಯಾವುದನ್ನು ಬೇಕಾದರೂ ಒದಗಿಸಲು ಸಿದ್ಧವಿತ್ತು.

ಮರುದಿನ ಬಸ್ಸಿನಲ್ಲಿ ಕೊಚ್ಚಿಯ ವೈಟ್ಟಿಲದವರೆಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ದ್ವೀಪ ಸೇರಿದೆ. ಮ್ಯಾನೇಜರರ ಕೋಣೆಯಲ್ಲಿ ನಾವು ಮೂವರೇ. ಆಕೆಯ ಫೈಲು ಮೇಜಿನ ಮೇಲಿತ್ತು, ಅದರ ಮೇಲೆ ನನ್ನ ವರದಿ.

ಮ್ಯಾನೇಜರ್ ಮೊದಲು ಆಕೆಯನ್ನು ಕೇಳಿದರು. ಆಕೆ ಸರಳವಾಗಿ ಹೇಳಿದರು: "ಸೇವ್ ಮಾಡಿದಿರಾ ಅಂತ ನಾನು ಸಾರನ್ನು ಕೇಳಿದೆ. ಕಾಪಿ ಇಳಿಸಿಕೊಳ್ಳುತ್ತಿದ್ದ ವರ್ಗಾವಣೆ ಪ್ರೋಗ್ರಾಮನ್ನು ನನ್ನ ಗಣಕದಿಂದ ಆದೇಶ ಬಂದ ವಾರವೇ ಅಳಿಸಿದ್ದೆ. ಆದೇಶಕ್ಕೆ ಸಾರಿನದೇ ಸಹಿ. ನಾನು ಹೇಗೆ ಕಾಪಿ ತೆಗೆಯಲಿ?"

ಅದು ನನಗೆ ಹೊಳೆದೇ ಇರಲಿಲ್ಲ. ಉಳಿದ ಐದು ಶಾಖೆಯವರು ಆದೇಶ ಓದಿ ಸುಮ್ಮನಿದ್ದರು, ಪಾಲಿಸಿದವರು ಇವರೊಬ್ಬರೇ.

"ಆ ಪ್ರೋಗ್ರಾಮ್ ಇಲ್ಲದೆ ಪ್ರತಿ ತೆಗೆಯಲು ಸಾಧ್ಯವೇ ಇಲ್ಲವೇ?" ಮ್ಯಾನೇಜರ್ ನನ್ನತ್ತ ತಿರುಗಿದರು.

ಸಾಧ್ಯವಿತ್ತು. ಪರದೆಯ ಮೇಲೆ ಎಲ್ಲವನ್ನೂ ತೋರಿಸುವಂತೆ ಮಾಡಿ, ಆ ಅಕ್ಷರಗಳನ್ನು ಎತ್ತಿ ಒಂದು ಫೈಲಿಗೆ ಅಂಟಿಸಬಹುದು. ಹಾಗೆಂದು ಹೇಳಿದೆ. ಕೇಳಿದ್ದು ತಾಂತ್ರಿಕ ಪ್ರಶ್ನೆ, ಕೊಟ್ಟದ್ದು ತಾಂತ್ರಿಕ ಉತ್ತರ. ಆಕೆಯ ಮುಖ ನೋಡಲಿಲ್ಲ.

"ಹಾಗಾದರೆ ಒಂದು ಮಾತಿನಲ್ಲಿ ಹೇಳಿ. ಉಳಿಸಿದ್ದೇನೆ ಅಂತ ಇವರು ಹೇಳಿದರೋ, ಇಲ್ಲವೋ?"

ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಅಳತೆಯ ಪಕ್ಕದಲ್ಲಿ ತಪ್ಪಿನ ಸಾಧ್ಯತೆ ಎಷ್ಟು ಎಂದು ಬರೆಯದ ಸಂಖ್ಯೆಗೆ ಅಲ್ಲಿ ಬೆಲೆ ಇರಲಿಲ್ಲ. ಫೋನಿನ ಸದ್ದು, ನನ್ನ ಮಲಯಾಳದ ಮಿತಿ, ಉಕಾರ ಓಕಾರ ಎಲ್ಲವನ್ನೂ ವಿವರಿಸಿದೆ. ನಾನು ತಪ್ಪಾಗಿ ಕೇಳಿಸಿಕೊಂಡಿರುವ ಸಾಧ್ಯತೆ ಬಹಳ ಇದೆ ಎಂದೆ. ಆದರೆ ನನ್ನ ನೆನಪನ್ನು ನಾನು ನಂಬುವುದಿಲ್ಲವಾದ್ದರಿಂದ ಎರಡನ್ನೂ ಖಚಿತವಾಗಿ ಹೇಳಲಾರೆ ಎಂದೆ.

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿದರು. "ಬರೆದುಕೊಟ್ಟಿದ್ದು ನಿಮ್ಮ ವರದಿ. ಅದನ್ನು ಹಿಂದೆ ತೆಗೆದುಕೊಳ್ಳುತ್ತೀರಾ?"

"ಸಾಧ್ಯತೆ ಇದೆ ಎಂದು ಸೇರಿಸುತ್ತೇನೆ."

"ಸಾಧ್ಯತೆಯನ್ನು ಫೈಲಿನಲ್ಲಿ ಎಲ್ಲಿ ಇಡಲಿ?" ಎಂದರು ಅವರು. ಕೋಪವೇನೂ ಇರಲಿಲ್ಲ, ದಣಿವಿತ್ತು. ಹಡಗು ತಪ್ಪಿದ್ದಕ್ಕೆ ಅವರೂ ಮೇಲಿನವರಿಗೆ ಒಂದು ಹೆಸರು ಕೊಡಬೇಕಿತ್ತು.

ಮೆಟ್ಟಿಲು ಇಳಿಯುವಾಗ ಆಕೆ ನನ್ನ ಹಿಂದೆಯೇ ಬಂದರು. ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಸಾರ್ ಸುಳ್ಳು ಹೇಳಲಿಲ್ಲ. ಅದು ನನಗೆ ಗೊತ್ತು. ಆದರೆ ಒಳಗಿದ್ದ ಮೂವರಲ್ಲಿ ಕೆಲಸ ಹೋಗುವುದು ಒಬ್ಬಳದೇ ಆಗಿತ್ತು. ಸಾರಿಗಾದರೆ ಒಂದು ಮೆಮೊ. ತಪ್ಪು ಮಾಡಿದ್ದು 'ಞಾನ್' ಅಂತ ಒಳಗೆ ಸಾರ್ ಒಂದು ಮಾತು ಸೇರಿಸಿದ್ದರೆ ಸಾಕಿತ್ತಲ್ಲ."

ಞಾನ್ ಎಂದರೆ ನಾನು. ಅಷ್ಟು ಮಲಯಾಳ ನನಗೆ ಬರುತ್ತಿತ್ತು.

ತಿಂಗಳು ಮುಗಿದು ಎರಡು ದಿನಕ್ಕೆ ಪಟ್ಟಂಗೆ ಒಂದು ಸೂಚನೆ ಬಂತು. ಕೊಚ್ಚಿಯ ತಂತ್ರಜ್ಞೆಯ ಕಾಂಟ್ರಾಕ್ಟ್ ಮುಗಿದಿದೆ, ಆರೂ ಫೈರ್‌ವಾಲ್‌ಗಳಿಂದ ಅವರ ಬಳಕೆದಾರ ಹೆಸರನ್ನು ತೆಗೆಯಬೇಕು. ಅಷ್ಟರಲ್ಲಿ ದ್ವೀಪದ ಪೆಟ್ಟಿಗೆಗೂ ಪರವಾನಗಿ ಬಂದಿತ್ತು. ಎರಡನೆಯ ಆವೃತ್ತಿ, ಬಲವಾದ ಗೂಢಲಿಪಿ. ಆರೂ ಪೆಟ್ಟಿಗೆಗಳು ಮೊದಲ ಪ್ರಯತ್ನದಲ್ಲೇ ನನ್ನನ್ನು ಒಳಗೆ ಬಿಟ್ಟವು. ಹೆಸರು ಅಳಿಸುವ ಆಜ್ಞೆ ಕೊಟ್ಟಾಗಲೆಲ್ಲ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು: ಖಚಿತವೇ?

ಆರು ಸಲವೂ ಹೌದು ಎಂದು ಒತ್ತಿದೆ.